ಓದುಗರ ಪ್ರಶ್ನೆ: ಭಟ್ಟಿ ಕೂಲಿಕಾರರ ದೂರು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬಹುದೇ?

ಪ್ರಶ್ನೆ: ನಮ್ಮೂರಿನ ಕೆಲವು ಕುಟುಂಬಗಳು ಮುಕಾದಮನಿಂದ ಮುಂಗಡ ಪಡೆದು ಹೊರರಾಜ್ಯದ ಇಟ್ಟಂಗಿ ಭಟ್ಟಿಗೆ ಗುಳೆ ಹೋಗಿದ್ದವು. ಅಲ್ಲಿ ಕೂಲಿ ಕೊಡದೆ, ಮುಂಗಡ ತೀರುವವರೆಗೆ ಊರಿಗೆ ಬಿಡುವುದಿಲ್ಲವೆಂದು ಅವರನ್ನು ತಡೆದಿಟ್ಟುಕೊಂಡಿದ್ದರು. ತಪ್ಪಿಸಿಕೊಂಡು ಬಂದವರ ದೂರನ್ನು ಇಲ್ಲಿ ಯಾರೂ ಪಡೆಯುತ್ತಿಲ್ಲ. ಇದು ಮಾನವ ಹಕ್ಕುಗಳ ಉಲ್ಲಂಘನೆಯೆಂದು ನೇರವಾಗಿ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಬರೆಯಬಹುದೇ?
– ಓದುಗರೊಬ್ಬರು, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಬರೆಯಬಹುದು, ಆದರೆ ಆ ನ್ಯಾಯಾಲಯಕ್ಕೆ ನಿಮ್ಮ ಪತ್ರವನ್ನು ದಾವೆಯಾಗಿ ಸ್ವೀಕರಿಸುವ ಅಧಿಕಾರವೇ ಇಲ್ಲ. ಹೇಗ್ ನಗರದಲ್ಲಿರುವ, 15 ನ್ಯಾಯಾಧೀಶರ ಈ ನ್ಯಾಯಾಲಯದಲ್ಲಿ ವಾದಿಯೂ ಪ್ರತಿವಾದಿಯೂ ದೇಶಗಳೇ ಆಗಿರಬೇಕು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರ ಜುಲೈ 17ರಂದು ತೀರ್ಪು ಬಂದಾಗ ಅದು ಒಬ್ಬ ವ್ಯಕ್ತಿಗೆ ಸಿಕ್ಕ ನ್ಯಾಯವೆಂದು ಹಲವರು ಭಾವಿಸಿದರು. ವಾಸ್ತವವಾಗಿ ಅದು, ಬಂಧಿತನನ್ನು ತನ್ನ ರಾಜತಾಂತ್ರಿಕರು ಭೇಟಿಯಾಗಲು ಬಿಡಲಿಲ್ಲವೆಂದು ಭಾರತ ಸರ್ಕಾರ ಪಾಕಿಸ್ತಾನದ ವಿರುದ್ಧ ಹೂಡಿದ್ದ ದಾವೆ. ಅದೇ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು ವ್ಯಕ್ತಿಗಳನ್ನು ವಿಚಾರಣೆಗೆ ಒಳಪಡಿಸುತ್ತದೆ ನಿಜ, ಆದರೆ ನರಮೇಧ, ಯುದ್ಧಾಪರಾಧದಂತಹ ಘೋರ ಕೃತ್ಯಗಳಿಗಾಗಿ ಮಾತ್ರ. ಭಾರತ ಅದರ ಸದಸ್ಯ ರಾಷ್ಟ್ರವಲ್ಲ.

ಯುರೋಪಿನ ನಾಗರಿಕರು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ತಮ್ಮ ಸರ್ಕಾರದ ವಿರುದ್ಧವೇ ಅರ್ಜಿ ಹಾಕಬಲ್ಲರು. ಅಮೆರಿಕ ಮತ್ತು ಆಫ್ರಿಕಾ ಖಂಡಗಳಲ್ಲಿಯೂ ಇಂತಹ ನ್ಯಾಯಾಲಯಗಳಿವೆ, ಏಷ್ಯಾಕ್ಕೆ ಇಲ್ಲ. ಜಿನೀವಾದಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆಗಳ ಸಮಿತಿಗಳು ವೈಯಕ್ತಿಕ ದೂರುಗಳನ್ನು ಕೇಳುತ್ತವೆಯಾದರೂ, ಅದಕ್ಕೆ ಆಯಾ ದೇಶ ಪ್ರತ್ಯೇಕವಾಗಿ ಒಪ್ಪಿರಬೇಕು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು 1979ರಲ್ಲಿಯೇ ಸ್ವೀಕರಿಸಿದ ಭಾರತವು ದೂರಿನ ಅವಕಾಶವಿರುವ ಅದರ ಐಚ್ಛಿಕ ಪ್ರೋಟೊಕಾಲನ್ನು ಇಂದಿಗೂ ಒಪ್ಪಿಲ್ಲ. ಹಕ್ಕನ್ನು ಒಪ್ಪಿ ಆ ಹಕ್ಕಿನ ದೂರನ್ನು ಒಪ್ಪದಿರುವುದು ನನಗೆ ಸಮರ್ಥನೀಯವೆನಿಸುವುದಿಲ್ಲ. ಉಳಿದಿರುವುದು ವಿಶ್ವಸಂಸ್ಥೆಯ ವಿಶೇಷ ವರದಿಗಾರರು. ಆಧುನಿಕ ಗುಲಾಮಗಿರಿಯ ವಿಷಯಕ್ಕೇ ಒಬ್ಬರಿದ್ದಾರೆ. ಅವರಿಗೆ ಯಾರು ಬೇಕಾದರೂ ಬರೆಯಬಹುದು, ಅವರು ಸರ್ಕಾರದಿಂದ ವಿವರಣೆ ಕೇಳಬಹುದು. ಆದೇಶ ನೀಡಲಾರರು, ಕೂಲಿ ಕೊಡಿಸಲಾರರು.

ಆದ್ದರಿಂದ ನೀವು ಮೊದಲು ಹಿಡಿಯಬೇಕಾದದ್ದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯನ್ನು. ಮುಂಗಡ ತೀರಿಲ್ಲವೆಂಬ ಕಾರಣಕ್ಕೆ ಕೆಲಸಗಾರನನ್ನು ಹಿಡಿದಿಟ್ಟುಕೊಂಡರೆ ಆ ಸಾಲವೇ ರದ್ದಾಗುತ್ತದೆ. ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆ ಕೊಟ್ಟವನದೇ ಹೊರತು ಕೂಲಿಕಾರನದಲ್ಲ. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ನಿಮ್ಮೂರಿನವರಿಗೆ ಕೂಲಿಯೇ ಸಿಕ್ಕಿಲ್ಲ.

ಜಿಲ್ಲಾಧಿಕಾರಿಗಳಿಗೆ ಮತ್ತು ಸಹಾಯಕ ಆಯುಕ್ತರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಘಟನೆ ಬೇರೆ ರಾಜ್ಯದಲ್ಲಿ ನಡೆದಿದೆಯೆಂಬ ಕಾರಣಕ್ಕೆ ಪೊಲೀಸರು ದೂರನ್ನು ನಿರಾಕರಿಸುವಂತಿಲ್ಲ. ಝೀರೋ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ವಿಷಯ ಎರಡು ರಾಜ್ಯಗಳಿಗೆ ಸೇರಿರುವುದರಿಂದ ರಾಜ್ಯ ಆಯೋಗಕ್ಕಿಂತ ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸೂಕ್ತವೆಂದು ನನ್ನ ಅಭಿಪ್ರಾಯ. ಅದಕ್ಕೆ ಶುಲ್ಕವಿಲ್ಲ, ಕನ್ನಡದಲ್ಲಿಯೇ ಬರೆಯಬಹುದು. ಆದರೆ ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆ ನಡೆಸಲಾಗದು. ಅದು ಮಾಡುವುದು ಶಿಫಾರಸು ಮಾತ್ರ. ಕಟ್ಟುನಿಟ್ಟಿನ ಆದೇಶ ಬೇಕಾದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ರಿಟ್ ಅರ್ಜಿ ಸಲ್ಲಿಸಬೇಕಾಗುತ್ತದೆ. ಮುಂಗಡ ಕೊಟ್ಟದ್ದು ನಿಮ್ಮೂರಿನಲ್ಲಿಯೇ ಆಗಿದ್ದರೆ ವ್ಯಾಜ್ಯಕಾರಣದ (ದಾವೆಗೆ ಕಾರಣವಾದ ಸಂಗತಿಗಳ) ಒಂದು ಭಾಗ ಇಲ್ಲಿಯೇ ಹುಟ್ಟಿದೆ, ಆದ್ದರಿಂದ ಈ ಪೀಠವೇ ಅರ್ಜಿಯನ್ನು ವಿಚಾರಿಸಬಹುದೆಂದು ವಾದಿಸಲು ಅವಕಾಶವಿದೆ.

ಪ್ರಶ್ನೆ: 1948ರಲ್ಲಿ ನಿಜಾಮರು ವಿಶ್ವಸಂಸ್ಥೆಗೆ ದೂರು ಕೊಟ್ಟಿದ್ದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಒಂದು ಸಂಸ್ಥಾನಕ್ಕೆ ಇದ್ದ ಅವಕಾಶ ಜನರಿಗೇಕೆ ಇರಲಿಲ್ಲ?
– ಓದುಗರೊಬ್ಬರು, ಬೀದರ್

ಉತ್ತರ: ಹಿರಿಯರು ಹೇಳಿದ್ದು ನಿಜ. ಹೈದರಾಬಾದ್ ಸರ್ಕಾರ 1948ರ ಆಗಸ್ಟ್ 21ರಂದು ಭದ್ರತಾ ಮಂಡಳಿಗೆ ತಂತಿ ಕಳುಹಿಸಿತು. ಮಂಡಳಿ ಪ್ಯಾರಿಸ್‌ನಲ್ಲಿ ಅದನ್ನು ಕೈಗೆತ್ತಿಕೊಂಡ ಸೆಪ್ಟೆಂಬರ್ 16ಕ್ಕೆ ಹೈದರಾಬಾದಿನ ಮೇಲೆ ಭಾರತ ನಡೆಸಿದ ಸೇನಾ ಕ್ರಮ, ಅಂದರೆ ‘ಪೊಲೀಸ್ ಕಾರ್ಯಾಚರಣೆ’, ಆರಂಭವಾಗಿ ಮೂರು ದಿನಗಳಾಗಿದ್ದವು, ಮತ್ತು ಕೆಲವೇ ದಿನಗಳಲ್ಲಿ ನಿಜಾಮರು ದೂರನ್ನು ಹಿಂತೆಗೆದುಕೊಂಡರು. ಭಾರತದ ಪರವಾಗಿ ಮಾತನಾಡಿದ ರಾಮಸ್ವಾಮಿ ಮುದಲಿಯಾರ್ ಅವರು ಹೈದರಾಬಾದ್ ಸ್ವತಂತ್ರ ದೇಶವೇ ಅಲ್ಲವೆಂದೂ ಆದ್ದರಿಂದ ಅದಕ್ಕೆ ಅಲ್ಲಿಗೆ ಬರುವ ಹಕ್ಕಿಲ್ಲವೆಂದೂ ವಾದಿಸಿದರು. ಆ ಕಾಲದ ಅಂತಾರಾಷ್ಟ್ರೀಯ ಕಾನೂನಿನಲ್ಲಿ ದೂರುದಾರ ದೇಶವೇ ಅಲ್ಲವೇ ಎಂಬುದು ಮುಖ್ಯವಾಗಿತ್ತು, ಪ್ರಜೆಗಳ ಸ್ಥಿತಿ ಏನೆಂಬುದಲ್ಲ. ಆ ವರ್ಷದ ಮೇ ತಿಂಗಳಲ್ಲಿ ನಿಮ್ಮದೇ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮರ ಪರವಾದ ಖಾಸಗಿ ಪಡೆ ರಜಾಕಾರರ ದಾಳಿಗೆ ಬಲಿಯಾದವರ ಪರವಾಗಿಯಾಗಲಿ, ಕಾರ್ಯಾಚರಣೆಯ ನಂತರ ಬೀದರ್, ಕಲಬುರಗಿ ಭಾಗಗಳಲ್ಲಿ ಕೊಲೆಯಾದ ಮುಸ್ಲಿಮರ ಪರವಾಗಿಯಾಗಲಿ – ಇವರ ವಿಷಯ ಭಾರತ ಸರ್ಕಾರ ಕಳುಹಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿಯ ವರದಿಯಲ್ಲಿದೆ – ಮಂಡಳಿಯ ಮುಂದೆ ನಿಂತು ಮಾತನಾಡುವ ಹಕ್ಕು ಯಾರಿಗೂ ಇರಲಿಲ್ಲ.

ಅದೇ ಪ್ಯಾರಿಸ್‌ನಲ್ಲಿ ಅದೇ ವರ್ಷದ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರವಾಯಿತು. ಆದರೆ ಅದು ಘೋಷಣೆ ಮಾತ್ರವಾಗಿತ್ತು, ದೂರಿನ ವ್ಯವಸ್ಥೆ ಅದರಲ್ಲಿರಲಿಲ್ಲ. ಮೊದಲ ಉತ್ತರದಲ್ಲಿ ಹೇಳಿದ ಐಚ್ಛಿಕ ಪ್ರೋಟೊಕಾಲ್ ಜಾರಿಗೆ ಬಂದದ್ದು 1976ರಲ್ಲಿ.

ಪ್ರಶ್ನೆ: ನಮ್ಮ ದೇಶದ ಕಾನೂನಿನಲ್ಲಿ ಸ್ಪಷ್ಟ ನಿಯಮವಿಲ್ಲದಿದ್ದಾಗ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಇಲ್ಲಿನ ಹೈಕೋರ್ಟ್ ಪೀಠದ ಮುಂದೆ ಉಲ್ಲೇಖಿಸಬಹುದೇ?
– ಕಾನೂನು ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಖಂಡಿತ. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ಮಾರ್ಗಸೂಚಿ ರೂಪಿಸಿದಾಗ, ಭಾರತ 1993ರಲ್ಲಿ ಅನುಮೋದಿಸಿದ್ದ ಮಹಿಳಾ ತಾರತಮ್ಯ ನಿವಾರಣಾ ಒಡಂಬಡಿಕೆಯನ್ನೇ ಆಧರಿಸಿತು. ದೇಶದ ಕಾಯ್ದೆ ಸ್ಪಷ್ಟವಾಗಿ ವಿರುದ್ಧವಾಗಿದ್ದರೆ ಮಾತ್ರ ಒಡಂಬಡಿಕೆ ಹಿಂದೆ ಸರಿಯಬೇಕಾಗುತ್ತದೆ. ಪೊಲೀಸ್ ವಶದಲ್ಲಿನ ಹಿಂಸೆಯ ಪ್ರಕರಣಗಳಲ್ಲಿ ಎಚ್ಚರ ಬೇಕು: ಚಿತ್ರಹಿಂಸೆ ವಿರುದ್ಧದ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆಯೇ ಹೊರತು ಅನುಮೋದಿಸಿಲ್ಲ, ಆದ್ದರಿಂದ ಅದೊಂದನ್ನೇ ನೆಚ್ಚಿದ ವಾದ ದುರ್ಬಲವಾಗುತ್ತದೆ. ಅದಕ್ಕಿಂತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 9(5)ನೇ ವಿಧಿ ಗಟ್ಟಿ ಆಧಾರ. ಕಾನೂನುಬಾಹಿರ ಬಂಧನಕ್ಕೆ ಪರಿಹಾರ ಕೊಡಬೇಕೆನ್ನುವ ಆ ವಿಧಿಗೆ ಭಾರತ ಸೇರುವಾಗಲೇ ತಕರಾರು ದಾಖಲಿಸಿತ್ತು. ಆದರೂ ಸುಪ್ರೀಂ ಕೋರ್ಟ್ 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಅದನ್ನು ಗಣನೆಗೆ ತೆಗೆದುಕೊಂಡಿತು, ಡಿ. ಕೆ. ಬಸು ಪ್ರಕರಣದಲ್ಲಿ ಆ ತಕರಾರು ಈಗ ಮಹತ್ವ ಕಳೆದುಕೊಂಡಿದೆಯೆಂದೇ ಹೇಳಿತು. ಅರ್ಜಿ ಬರೆಯುವಾಗ ಈ ಎರಡು ತೀರ್ಪುಗಳನ್ನು ಒಡಂಬಡಿಕೆಗಿಂತ ಮೊದಲು ಇರಿಸಿ.