ಉಲುರುವಿನ ದೀಪಗಳ ಬಯಲು: ಫೋಟೋದಲ್ಲಿ ಬಂಡೆಯೂ ಬರಬೇಕೆಂದರೆ?

ಆಸ್ಟ್ರೇಲಿಯಾದ ‘ಫೀಲ್ಡ್ ಆಫ್ ಲೈಟ್’ ಅನ್ನುವ, ಬಯಲಲ್ಲಿ ಸಾವಿರಾರು ದೀಪ ನೆಟ್ಟ ಕಲಾಕೃತಿ ನೋಡಲು ಹೋಗುತ್ತಿದ್ದೇನೆ, ದೀಪಗಳ ಹಿಂದೆ ಉಲುರು ಬಂಡೆಯೂ ಫೋಟೋದಲ್ಲಿ ಬರಬೇಕು, ಹೇಗೆ ಅಂತ ಕೇಳಿದ್ದೀರಿ. ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ, ಅಷ್ಟೇ. ಮೊದಲ ಸಂಜೆ ನಾನು ಕಾದೆ. ದೀಪಗಳು ಚೆನ್ನಾಗಿ ಬೆಳಗಲಿ ಅಂತ ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟುಕೊಂಡು ಕೂತೆ. ತೆಗೆಯುವ ಹೊತ್ತಿಗೆ ಬಂಡೆ ಕತ್ತಲಲ್ಲಿ ಕರಗಿಹೋಗಿತ್ತು, ಫೋಟೋದಲ್ಲಿ ಬಂದದ್ದು ಬರೀ ಬಣ್ಣದ ಚುಕ್ಕೆಗಳು.

ಮರುದಿನ ಮತ್ತೆ ಹೋದೆ. ಸೂರ್ಯ ಮುಳುಗಿ ಸುಮಾರು 20 ನಿಮಿಷವಾದ ಮೇಲೆ ಆಕಾಶ ಕಡುನೀಲಿಯಾಗಿರುತ್ತದೆ, ಬಂಡೆಯ ಅಂಚು ಇನ್ನೂ ಕಾಣುತ್ತಿರುತ್ತದೆ, ಕೆಳಗೆ ಒಂದೊಂದೇ ದೀಪ ಎದ್ದು ಕಾಣಲು ಶುರುವಾಗುತ್ತದೆ. ನಿಮಗೆ ಬೇಕಾದ್ದು ಆ ಕಾಲು ಗಂಟೆ. ಕಲಾವಿದ ಬ್ರೂಸ್ ಮನ್ರೋ ಅವರಿಗೆ ಈ ದೀಪಗಳ ಬಯಲಿನ ಯೋಚನೆ ಹೊಳೆದದ್ದೇ 1992ರಲ್ಲಿ ಉಲುರು ನೋಡಲು ಬಂದಾಗ. 2016ರಲ್ಲಿ ಇಲ್ಲಿ 50,000 ದೀಪದ ಕಡ್ಡಿಗಳನ್ನು ನೆಟ್ಟರು. ಆ ನೆಲ, ಆ ಬಂಡೆ ಇಲ್ಲದೆ ಬರೀ ದೀಪ ತೆಗೆದರೆ ಅರ್ಧ ಬಿಟ್ಟ ಹಾಗೆ.

ಲೆನ್ಸ್ ವಿಷಯ. ಎಲ್ಲರೂ ಅಗಲವಾದ ನೋಟ ಹಿಡಿಯುವ ವೈಡ್ ಲೆನ್ಸ್ ತರುತ್ತಾರೆ. ಆದರೆ ದೀಪಗಳಿರುವುದು ಪ್ರವಾಸಿಗರು ಉಳಿದುಕೊಳ್ಳುವ ಊರಾದ ಯುಲಾರಾ ಕಡೆ, ಬಂಡೆ ಅಲ್ಲಿಂದ ಹಲವು ಕಿಲೋಮೀಟರ್ ದೂರ. 348 ಮೀಟರ್ ಎತ್ತರದ ಬಂಡೆ ವೈಡ್‌ನಲ್ಲಿ ಸಣ್ಣ ಗುಡ್ಡೆಯಾಗಿಬಿಡುತ್ತದೆ. ಅದಕ್ಕಿಂತ ಹತ್ತಿರ ತೋರಿಸುವ 50 ಅಥವಾ 85 ಎಂಎಂ ಲೆನ್ಸ್ ಹಾಕಿ ನೋಡಿ, ಅದರ ಗಾತ್ರ ಉಳಿಯುತ್ತದೆ.

ಎಕ್ಸ್‌ಪೋಶರ್ (ಶಟರ್ ತೆರೆದಿಡುವ ಹೊತ್ತು) ಜಾಸ್ತಿ ಉದ್ದ ಬೇಡ. ದೀಪಗಳ ಬಣ್ಣ ನಿಧಾನವಾಗಿ ಬದಲಾಗುತ್ತಾ ಇರುತ್ತದೆ, 20 ಸೆಕೆಂಡ್ ಶಟರ್ ತೆರೆದಿಟ್ಟರೆ ನೇರಳೆ, ನೀಲಿ ಎಲ್ಲ ಬೆರೆತು ಪೇಲವವಾಗುತ್ತದೆ. ನಾನು 2 ಸೆಕೆಂಡ್, ಎಫ್/4 (ಲೆನ್ಸ್ ತೆರೆದುಕೊಳ್ಳುವ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ ಶುರು ಮಾಡಿ ಕತ್ತಲಾದಂತೆ ಐಎಸ್‌ಒ ಏರಿಸಿದೆ. ವೈಟ್ ಬ್ಯಾಲೆನ್ಸ್ (ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬಿಡಬೇಡಿ, ಒಂದೊಂದು ಫೋಟೋಗೆ ಒಂದೊಂದು ಬಣ್ಣ ಬರುತ್ತದೆ. ಟ್ರೈಪಾಡ್ ಬಿಡುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಮರುದಿನ ಬಂಡೆಯ ಹತ್ತಿರ ಹೋದರೆ, ಕೆಲವು ಜಾಗಗಳಲ್ಲಿ ಫೋಟೋ ಬೇಡ ಅಂತ ಅಲ್ಲಿಯ ಮೂಲ ನಿವಾಸಿಗಳಾದ ಅನಂಗು ಜನ ಬೋರ್ಡ್ ಹಾಕಿದ್ದಾರೆ. ಅದು ಅವರಿಗೆ ಪವಿತ್ರ ಜಾಗ, ದಯವಿಟ್ಟು ಅಲ್ಲಿ ಕ್ಯಾಮೆರಾ ಒಳಗಿಡಿ.

ಇನ್ನೊಂದು: ಪೂರ್ತಿ ಕತ್ತಲಾದ ಮೇಲೆ ದಾರಿಯ ಪಕ್ಕ ಸುಮ್ನೆ ಕುಕ್ಕರಗಾಲಲ್ಲಿ ಕೂತು ನೆಲ ನೋಡಿ. ಕೆಂಪು ಮರಳಿನ ಮೇಲೆ, ಒಣ ಹುಲ್ಲಿನ ನಡುವೆ ದೀಪಗಳಿಗೆ ಬೆಳಕು ಒಯ್ಯುವ ಫೈಬರ್ ಎಳೆಗಳು ಬೇರಿನ ಹಾಗೆ ಹರಡಿ ಹೊಳೆಯುತ್ತಿರುತ್ತವೆ. ನನಗೆ ತುಂಬಾ ಇಷ್ಟವಾದ ಫೋಟೋ ಅದೇ, ಅದನ್ನು ಫೋನಿನಲ್ಲೇ ತೆಗೆದೆ.