ಪೆಟ್ರೋಲ್ ಪ್ರೆಷರ್ ವಾಷರ್: ಒತ್ತಡ ನೋಡುವ ಮೊದಲು ನೀರಿನ ಪ್ರಮಾಣ ನೋಡಿ

ಪ್ರಶ್ನೆ: ನನ್ನ ಬಳಿ ಪವರ್ ಟಿಲ್ಲರ್, ಹುಲ್ಲು ಕತ್ತರಿಸುವ ಯಂತ್ರ ಮತ್ತು ಒಂದು ಸಣ್ಣ ಟ್ರೇಲರ್ ಇವೆ. ಇವುಗಳನ್ನು ತೊಳೆಯುವ ಜಾಗದಲ್ಲಿ ವಿದ್ಯುತ್ ಸಂಪರ್ಕವಿಲ್ಲದ ಕಾರಣ ಪೆಟ್ರೋಲ್ ಎಂಜಿನ್ ಇರುವ ಪ್ರೆಷರ್ ವಾಷರ್ ಕೊಳ್ಳಬೇಕೆಂದಿದ್ದೇನೆ. ನಾನು ನೋಡಿದ ಎರಡರಲ್ಲಿ ಒಂದು 230 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 9 ಲೀಟರ್ ನೀರು ಕೊಡುತ್ತದೆ, ಇನ್ನೊಂದು 170 ಬಾರ್ ಒತ್ತಡದಲ್ಲಿ 14 ಲೀಟರ್ ಕೊಡುತ್ತದೆ. ಒತ್ತಡ ಹೆಚ್ಚಿರುವುದನ್ನೇ ಆರಿಸಬಹುದೇ? ನೀರನ್ನು ಟ್ಯಾಂಕಿನಿಂದ ತೆಗೆದುಕೊಳ್ಳಬೇಕಾಗುತ್ತದೆ.

ಉತ್ತರ: ನಿಮ್ಮ ಕೆಲಸಕ್ಕೆ ಎರಡನೆಯದೇ ಸರಿ. ಒತ್ತಡವು ಅಂಟಿಕೊಂಡ ಕೊಳೆಯನ್ನು ಬಿಡಿಸುತ್ತದೆ, ಆದರೆ ಬಿಟ್ಟ ಕೊಳೆಯನ್ನು ಹೊತ್ತೊಯ್ಯುವುದು ನೀರಿನ ಪ್ರಮಾಣ. ಟಿಲ್ಲರಿನ ಹಲ್ಲುಗಳ ನಡುವೆ ಗಟ್ಟಿಯಾದ ಮಣ್ಣಿಗಾಗಲಿ, ಹುಲ್ಲಿನ ಯಂತ್ರದ ತಳದಲ್ಲಿ ಪದರ ಪದರವಾಗಿ ಒಣಗಿದ ಹುಲ್ಲಿಗಾಗಲಿ 170 ಬಾರ್ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚಿನ ಒತ್ತಡದಿಂದ ಕೊಳೆಗಿಂತ ಬಣ್ಣ, ಸ್ಟಿಕ್ಕರ್ ಮತ್ತು ರಬ್ಬರ್ ಸೀಲುಗಳೇ ಮೊದಲು ಏಳುವ ಸಾಧ್ಯತೆ ಇರುತ್ತದೆ.

ಇದನ್ನು ಲೆಕ್ಕದಲ್ಲಿಯೂ ಪರೀಕ್ಷಿಸಬಹುದು. ಬಾರ್ ಸಂಖ್ಯೆಯನ್ನು ನಿಮಿಷದ ಲೀಟರ್ ಸಂಖ್ಯೆಯಿಂದ ಗುಣಿಸಿ 600ರಿಂದ ಭಾಗಿಸಿದರೆ ನೀರಿಗೆ ಸಿಗುವ ಶಕ್ತಿ ಕಿಲೋವ್ಯಾಟ್‌ನಲ್ಲಿ ಬರುತ್ತದೆ. ಮೊದಲನೆಯ ಯಂತ್ರಕ್ಕೆ ಅದು ಸುಮಾರು 3.5, ಎರಡನೆಯದಕ್ಕೆ ಸುಮಾರು 4. ಒಂದು ಕಿಲೋವ್ಯಾಟ್ ಎಂದರೆ ಸುಮಾರು 1.34 ಅಶ್ವಶಕ್ತಿ; ಪಂಪಿನಲ್ಲಿ ಆಗುವ ನಷ್ಟವನ್ನೂ ಸೇರಿಸಿಕೊಂಡರೆ ಎರಡನೆಯದಕ್ಕೆ ಆರೂವರೆ ಅಶ್ವಶಕ್ತಿಗೆ ಕಡಿಮೆಯಿಲ್ಲದ, ಸಾಧ್ಯವಾದರೆ ಅದಕ್ಕಿಂತ ಸ್ವಲ್ಪ ಹೆಚ್ಚಿನ ಎಂಜಿನ್ ಬೇಕಾಗುತ್ತದೆ. ಎಂಜಿನ್ನಿನ ಶಕ್ತಿ ಈ ಲೆಕ್ಕಕ್ಕಿಂತ ಕಡಿಮೆ ಇದ್ದರೆ ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ನಂಬಬೇಡಿ; ಗರಿಷ್ಠ ಒತ್ತಡ ಮತ್ತು ಗರಿಷ್ಠ ನೀರು ಎರಡೂ ಒಟ್ಟಿಗೆ ಸಿಗದಿದ್ದರೂ ಅಕ್ಕಪಕ್ಕದಲ್ಲಿ ಮುದ್ರಿಸುವುದುಂಟು. ಕೆಲಸ ಮಾಡುವಾಗ ಇರುವ ಒತ್ತಡ ಎಷ್ಟು ಎಂದೇ ಕೇಳಿ ತಿಳಿದುಕೊಳ್ಳಿ.

ಹೆಚ್ಚಿನವರು ಎಂಜಿನ್ನಿನ ಹೆಸರು ನೋಡಿ ಕೊಳ್ಳುತ್ತಾರೆ, ಆದರೆ ಯಂತ್ರದ ಆಯುಷ್ಯ ನಿಂತಿರುವುದು ಪಂಪಿನ ಮೇಲೆ. ಅಗ್ಗದ ಯಂತ್ರಗಳಲ್ಲಿನ, ಓರೆ ತಟ್ಟೆ ತಿರುಗಿ ಪಿಸ್ಟನ್‌ಗಳನ್ನು ತಳ್ಳುವ ಆಕ್ಸಿಯಲ್ ಪಂಪನ್ನು ನೇರವಾಗಿ ಎಂಜಿನ್ನಿನ ದಂಡಕ್ಕೆ ಜೋಡಿಸಿರುವುದರಿಂದ ಅದು ನಿಮಿಷಕ್ಕೆ 3,400 ಸುತ್ತುಗಳ ಆಸುಪಾಸಿನಲ್ಲಿ ತಿರುಗುತ್ತದೆ ಮತ್ತು ಬೇಗ ಸವೆಯುತ್ತದೆ; ಅವುಗಳಲ್ಲಿ ಕೆಲವನ್ನು ಬಿಚ್ಚಿ ದುರಸ್ತಿ ಮಾಡುವುದೇ ಕಷ್ಟ. ಮೂರು ಪಿಸ್ಟನ್‌ಗಳಿರುವ ಟ್ರಿಪ್ಲೆಕ್ಸ್ ಪಂಪು ತೂಕವೂ ಹೆಚ್ಚು, ಬೆಲೆಯೂ ಹೆಚ್ಚು, ಆದರೆ ಅದರ ಸೀಲು ಮತ್ತು ವಾಲ್ವ್‌ಗಳನ್ನು ಬದಲಿಸಿಕೊಂಡು ಹಲವು ವರ್ಷ ದುಡಿಸಬಹುದು. ಗೇರ್‌ಬಾಕ್ಸ್ ಅಥವಾ ಬೆಲ್ಟಿನ ಮೂಲಕ ವೇಗವನ್ನು ಅರ್ಧಕ್ಕಿಳಿಸಿದ್ದರೆ ಇನ್ನೂ ಒಳ್ಳೆಯದು. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ತೊಳೆಯುವವರಿಗೆ ಆಕ್ಸಿಯಲ್ ಸಾಕು, ವಾರವಾರ ತೊಳೆಯುವವರು ಟ್ರಿಪ್ಲೆಕ್ಸ್‌ಗೆ ಹಣ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿಯಿರುವುದು ಟ್ಯಾಂಕಿನ ನೀರಿನ ಬಗ್ಗೆ. ಪಂಪಿಗೆ ಬೇಕಾದಷ್ಟು ನೀರು ಒಳಬರದಿದ್ದರೆ ಒಳಗೆ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತಾ ಲೋಹವನ್ನೂ ಸೀಲನ್ನೂ ಕೊರೆಯುತ್ತವೆ. ಆದ್ದರಿಂದ ಟ್ಯಾಂಕನ್ನು ಪಂಪಿಗಿಂತ ಎತ್ತರದಲ್ಲಿಡಿ, ಅಗಲವಾದ ಮತ್ತು ಗಿಡ್ಡದಾದ ಪೈಪನ್ನು ಬಳಸಿ, ಒಳಹರಿವಿನ ಜಾಲರಿಯನ್ನು ಪ್ರತಿ ಸಲವೂ ತೆಗೆದು ನೋಡಿ. ಪೈಪಿನ ತುದಿಯಲ್ಲಿ 20 ಲೀಟರಿನ ಬಕೆಟ್ ಹಿಡಿದು ಒಂದು ನಿಮಿಷದೊಳಗೆ ತುಂಬುತ್ತದೆಯೇ ಎಂದು ಪರೀಕ್ಷಿಸಿ. ತುಂಬಿದರೆ 14 ಲೀಟರಿನ ಯಂತ್ರಕ್ಕೆ ಚಿಂತೆಯಿಲ್ಲ. ಟ್ಯಾಂಕಿನಿಂದ ನೀರೆಳೆಯಲು ಆ ಪಂಪಿಗೆ ತಯಾರಕರ ಒಪ್ಪಿಗೆ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೈಪಿಡಿಯಲ್ಲಿ ಓದಿಕೊಳ್ಳಿ.

ಪ್ರಶ್ನೆ: ನೀರು ಹೊಡೆದು ತೊಳೆದ ಕೆಲವು ದಿನಗಳಲ್ಲೇ ನನ್ನ ಯಂತ್ರದ ಬೇರಿಂಗ್ ಶಬ್ದ ಮಾಡತೊಡಗಿತು. ಎಲ್ಲಿ ತಪ್ಪಿದೆ?

ಉತ್ತರ: ಬಹುಶಃ ನೀರಿನ ಧಾರೆ ಸೀಲನ್ನು ದಾಟಿ ಒಳಗೆ ಹೋಗಿ ಗ್ರೀಸನ್ನು ಹೊರಹಾಕಿದೆ. ಬೇರಿಂಗ್, ವೈರಿನ ಜೋಡಣೆಗಳು, ಗಾಳಿ ಫಿಲ್ಟರ್ ಮತ್ತು ಕಾರ್ಬ್ಯುರೇಟರಿನ ಮೇಲೆ ನೇರವಾಗಿ ಹೊಡೆಯಲೇಬಾರದು. ರೇಡಿಯೇಟರಿನ ತೆಳು ರೆಕ್ಕೆಗಳು ಓರೆಯಾದ ಧಾರೆಗೆ ಮಡಚಿಹೋಗುತ್ತವೆ. ಅದಕ್ಕೆ ಮಾಮೂಲಿ ಪೈಪಿನ ನೀರೇ ಸಾಕು. ನಾಜಲ್‌ಗಳಲ್ಲಿ ಸಾಮಾನ್ಯವಾಗಿ ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40 ಡಿಗ್ರಿಯ ಹರವನ್ನು ಸೂಚಿಸುತ್ತವೆ, ಕಪ್ಪು ಬಣ್ಣದ್ದು ಸೋಪಿನ ದ್ರಾವಣಕ್ಕೆ ಮೀಸಲು. ಯಂತ್ರೋಪಕರಣಗಳಿಗೆ ಬಿಳಿಯಿಂದ ಆರಂಭಿಸಿ, ಬೇಕೆನಿಸಿದರೆ ಮಾತ್ರ ಹಸಿರಿಗೆ ಹೋಗಿ, ಒಂದಡಿಗಿಂತ ಹತ್ತಿರ ಹಿಡಿಯಬೇಡಿ. ಕೆಂಪನ್ನು ಪೆಟ್ಟಿಗೆಯಲ್ಲೇ ಬಿಡಿ. ಎಣ್ಣೆ ಜಿಡ್ಡು ತಣ್ಣೀರಿನ ಒತ್ತಡಕ್ಕೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಸೋಪನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ಒಣಗುವ ಮೊದಲೇ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ತೊಳೆದ ದಿನವೇ ಯಂತ್ರವನ್ನು ಒಣಗಿಸಿ ಗ್ರೀಸ್ ಹಾಕಿ.

ಪ್ರಶ್ನೆ: ತೊಳೆಯುವ ನಡುವೆ ಎಂಜಿನ್ನನ್ನು ಹಾಗೆಯೇ ಓಡಲು ಬಿಡಬಹುದೇ?

ಉತ್ತರ: ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ಟ್ರಿಗರ್ ಬಿಟ್ಟಾಗ ಅದೇ ನೀರು ಪಂಪಿನೊಳಗೇ ಸುತ್ತುತ್ತಾ ಬಿಸಿಯಾಗಿ ಸೀಲುಗಳನ್ನು ಸುಡುತ್ತದೆ. ಬಿಸಿನೀರನ್ನು ಹೊರಬಿಡುವ ಥರ್ಮಲ್ ವಾಲ್ವ್ ಇರುವ ಯಂತ್ರವನ್ನೇ ಆರಿಸಿ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುವುದರಿಂದ ಶೆಡ್ಡಿನ ಬಾಗಿಲು ತೆರೆದಿದ್ದರೂ ಒಳಗೆ ಓಡಿಸಬೇಡಿ. ಧಾರೆ ಚರ್ಮವನ್ನು ತೂರಿದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ಒಳಗಿನ ಹಾನಿ ದೊಡ್ಡದಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ ಹೆಚ್ಚಿನ ಒತ್ತಡದ ನೀರು ಹೊಕ್ಕಿದೆ ಎಂದೇ ವೈದ್ಯರಿಗೆ ಹೇಳಿ.