ಮ್ಯಾಕ್ರೋ ದಿನಾ 350ನೇ ಸಾಲಿಗೇ ನಿಲ್ಲುತ್ತದೆ, ಏನು ಮಾಡಲಿ?

ಎಕ್ಸೆಲ್‌ನಲ್ಲಿ ತೂಕಕ್ಕೆ ದರ ಗುಣಿಸುವ ಫಾರ್ಮುಲಾವನ್ನು ಎಫ್ ಕಾಲಂನಲ್ಲಿ ಕೆಳಗೆ ಎಳೆದು ಮ್ಯಾಕ್ರೋ, ಅಂದರೆ ಅದೇ ಕೆಲಸವನ್ನು ತಾನಾಗಿ ಮತ್ತೆ ಮಾಡುವ ಆಜ್ಞೆಗಳ ಪಟ್ಟಿ, ರೆಕಾರ್ಡ್ ಮಾಡಿದ್ದೀರಿ. ಶೀಟಿನಲ್ಲಿ ಎಷ್ಟೇ ಸಾಲಿದ್ದರೂ ಅದು 350ಕ್ಕೇ ನಿಲ್ಲುತ್ತದೆ ಅಂತೀರಿ. ನಾನು ದಾವಣಗೆರೆ ಎಪಿಎಂಸಿಯಲ್ಲಿ ಒಂದು ಮಂಡಿಯ ಲೆಕ್ಕ ನೋಡುತ್ತೇನೆ. ದೀಪಾವಳಿ ಹೊತ್ತಿಗೆ ಮೆಕ್ಕೆಜೋಳ ಬರೋಕೆ ಶುರುವಾದರೆ ಇವತ್ತಿನಷ್ಟು ಸಾಲು ನಾಳೆ ಇರುವುದಿಲ್ಲ. ಹಾಗಾಗಿ ಇದು ನನಗೆ ದಿನದ ಕೆಲಸ.

ರೆಕಾರ್ಡರ್ ನೀವು ಅವತ್ತು ಮುಟ್ಟಿದ ಸೆಲ್‌ಗಳ ವಿಳಾಸವನ್ನೇ ಬರೆದಿಟ್ಟುಕೊಳ್ಳುತ್ತದೆ. ಅವತ್ತು 350 ಸಾಲಿತ್ತು, ಅಷ್ಟೇ. ಕೊನೆಯ ಸಾಲು ಯಾವುದು ಅಂತ ಮ್ಯಾಕ್ರೋ ಪ್ರತಿ ಸಲ ಶೀಟನ್ನೇ ಕೇಳಬೇಕು.

ಕೇಳುವುದು ಹೀಗೆ: ಸೆಲ್ಸ್, ಬ್ರಾಕೆಟ್‌ನಲ್ಲಿ ರೋಸ್ ಡಾಟ್ ಕೌಂಟ್ ಮತ್ತು ಕಾಲಂ ಎ, ಆಮೇಲೆ ಡಾಟ್ ಎಂಡ್, ಬ್ರಾಕೆಟ್‌ನಲ್ಲಿ ಎಕ್ಸ್‌ಎಲ್‌ಅಪ್, ಕೊನೆಗೆ ಡಾಟ್ ರೋ. ಎಕ್ಸೆಲ್ 2007ರಿಂದ ಈಚೆಗೆ ಒಂದು ಶೀಟಿಗೆ 10,48,576 ಸಾಲು. ಈ ಆಜ್ಞೆ ಆ ತಳದಿಂದ ಮೇಲಕ್ಕೆ ಹತ್ತುತ್ತಾ ಮೊದಲು ಸಿಕ್ಕ ತುಂಬಿದ ಸೆಲ್‌ನಲ್ಲಿ ನಿಲ್ಲುತ್ತದೆ. ಮೇಲಿಂದ ಕೆಳಗೆ ಹುಡುಕಿಸಬೇಡಿ, ನಡುವೆ ಒಂದು ಸೆಲ್ ಖಾಲಿ ಇದ್ದರೆ ಅಲ್ಲೇ ನಿಂತುಬಿಡುತ್ತದೆ. ಎಂದೂ ಖಾಲಿ ಬಿಡದ ಕಾಲಂ ಆರಿಸಿಕೊಳ್ಳಿ. ನಮ್ಮಲ್ಲಿ ಅದು ಲಾಟ್ ನಂಬರ್. ತೇವಾಂಶದ ಕಾಲಂ ಆದರೆ ಯಾರಾದರೂ ಆಮೇಲೆ ತುಂಬಿದರಾಯ್ತು ಅಂತ ಬಿಟ್ಟಿರುತ್ತಾರೆ.

ಕೊನೆಯ ಸಾಲು ಸಿಕ್ಕ ಮೇಲೆ ಎಳೆಯೋದೂ ಬೇಡ, ಒಂದೊಂದೇ ಸಾಲಿಗೆ ಅದೇ ಆಜ್ಞೆ ಮತ್ತೆ ಮತ್ತೆ ಓಡಿಸುವ ಲೂಪೂ ಬೇಡ. ಎಫ್2ರಿಂದ ಆ ಸಾಲಿನವರೆಗಿನ ಪೂರ್ತಿ ರೇಂಜ್‌ನ ‘ಡಾಟ್ ಫಾರ್ಮುಲಾ’ ಅನ್ನುವ ಪ್ರಾಪರ್ಟಿಗೆ ಒಂದೇ ಸಲ ‘=ಡಿ2*ಇ2’ ಅಂತ ಕೊಡಿ. ಮೂರನೇ ಸಾಲಿನಲ್ಲಿ ಅದು ತಾನಾಗಿಯೇ ಡಿ3, ಇ3 ಆಗುತ್ತದೆ. ಹಮಾಲಿ ದರದಂಥದ್ದು ಒಂದೇ ಸೆಲ್‌ನಲ್ಲಿದ್ದರೆ ಅದರ ಅಕ್ಷರಕ್ಕೂ ಸಂಖ್ಯೆಗೂ ಮುಂದೆ ಡಾಲರ್ ಚಿಹ್ನೆ ಹಾಕಿ, ಇಲ್ಲದಿದ್ದರೆ ಅದೂ ಕೆಳಗೆ ಜಾರುತ್ತದೆ.

ಎರಡು ಕಡೆ ಹುಷಾರಾಗಿರಿ. ಶೀಟಿನಲ್ಲಿ ತಲೆಬರಹ ಬಿಟ್ಟು ಏನೂ ಇಲ್ಲದಿದ್ದರೆ ಕೊನೆಯ ಸಾಲು 1 ಅಂತ ಬರುತ್ತದೆ. ಆಗ ರೇಂಜ್ ಎಫ್2ರಿಂದ ಎಫ್1ಕ್ಕೆ ಹೋಗಿ ತಲೆಬರಹವೇ ಅಳಿಯುತ್ತದೆ. 2ಕ್ಕಿಂತ ಕಮ್ಮಿ ಇದ್ದರೆ ಅಲ್ಲಿಗೇ ನಿಲ್ಲಿಸುವ ಒಂದು ಸಾಲು ಸೇರಿಸಿ. ಇನ್ನೊಂದು, ನಿನ್ನೆಯ ಸಾಲು ಜಾಸ್ತಿ ಇದ್ದು ಇವತ್ತು ಕಮ್ಮಿ ಇದ್ದರೆ ಹಳೇ ಫಾರ್ಮುಲಾಗಳು ಕೆಳಗೆ ಉಳಿದಿರುತ್ತವೆ, ಮೊದಲು ಎಫ್ ಕಾಲಂ ಅನ್ನು ಎರಡನೇ ಸಾಲಿನಿಂದ ಖಾಲಿ ಮಾಡಿಸಿ. ‘ಒಟ್ಟು’ ಸಾಲನ್ನು ತಳದಲ್ಲಿಡಬೇಡಿ. ಎ ಕಾಲಂನಲ್ಲಿ ಆ ಪದ ಕಂಡರೆ ಮ್ಯಾಕ್ರೋ ಅದನ್ನೂ ಒಂದು ಲಾಟ್ ಅಂತಲೇ ಲೆಕ್ಕ ಹಾಕುತ್ತದೆ.

ಮ್ಯಾಕ್ರೋ ಮಾಡಿದ್ದನ್ನು ಕಂಟ್ರೋಲ್ ಝಡ್ ವಾಪಸ್ ತರುವುದಿಲ್ಲ, ಓಡಿಸುವ ಮುಂಚೆ ಸೇವ್ ಮಾಡಿ. ಫೈಲಿನಲ್ಲಿ ಮ್ಯಾಕ್ರೋ ಉಳಿಯಬೇಕಾದರೆ ಅದು ಎಕ್ಸ್‌ಎಲ್‌ಎಸ್‌ಎಂ ಮಾದರಿಯಲ್ಲಿರಲಿ.

ಒಂದೇ ಶೀಟಿಗೆ ದಿನಾ ಕೈಯಲ್ಲೇ ಸಾಲು ಸೇರಿಸುವವರಾದರೆ ಮ್ಯಾಕ್ರೋನೇ ಬೇಡ ಅನ್ನುತ್ತೇನೆ. ಕಂಟ್ರೋಲ್ ಟಿ ಒತ್ತಿ ಅದನ್ನು ಟೇಬಲ್ ಮಾಡಿ, ಹೊಸ ಸಾಲಿಗೆ ಫಾರ್ಮುಲಾ ತಾನೇ ಇಳಿಯುತ್ತದೆ. ನಮ್ಮ ಹಾಗೆ ಬೇರೆ ಸಾಫ್ಟ್‌ವೇರ್‌ನಿಂದ ದಿನಾ ಹೊಸ ಶೀಟ್ ಬರುತ್ತಿದ್ದರೆ ಮಾತ್ರ ಮ್ಯಾಕ್ರೋ. ಯಾವುದೇ ಮಾಡಿದರೂ ರೈತರಿಗೆ ಪಟ್ಟಿ ಕೊಡುವ ಮುಂಚೆ ಕೊನೆಯ ಸಾಲಿನ ತೂಕ, ದರ ಒಮ್ಮೆ ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ ನೋಡಿ, ಅವರ ದುಡ್ಡು ಅಲ್ವಾ.